ಎಡಕ್ಕೆ ಕೂತ ಲಾರಿಗೆ ಇನ್ನೊಂದು ಪ್ಲೇಟ್ ಮದ್ದಲ್ಲ

ತುಮಕೂರು ದಾಟಿ ಶಿರಾ, ಹಿರಿಯೂರಿನ ಕಡೆ ಹೋಗುವ ಹೆದ್ದಾರಿಯಲ್ಲಿ ಲೋಡ್ ಲಾರಿಗಳ ಹಿಂದೆ ಗಾಡಿ ಓಡಿಸಿದವರಿಗೆ ಈ ನೋಟ ಹೊಸದಲ್ಲ. ಮುಂದಿನ ಲಾರಿಯ ಹಿಂಬಾಗಿಲು ರಸ್ತೆಗೆ ಸಮವಾಗಿಲ್ಲ. ಎಡಗಡೆ ಇಳಿದಿದೆ, ಬಲಗಡೆ ಎದ್ದಿದೆ. ಎಡಗಡೆಯ ಮಡ್‌ಫ್ಲ್ಯಾಪ್ ಟಾರು ಸವರುತ್ತಿದೆ, ಬಲಗಡೆಯದು ನಾಲ್ಕು ಬೆರಳು ಮೇಲಿದೆ. ಹಗ್ಗ, ತಾಡಪಾಲು ಎಲ್ಲ ಬಿಗಿಯಾಗಿಯೇ ಇವೆ. ಆದರೂ ತಿರುವು ಬಂದಾಗ ಹಿಂದಿದ್ದವರ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ. 'ಗಾಡಿ ಒಂದು ಸೈಡ್ ಕೂತಿದೆ' ಎಂದು ಲಾರಿಯವರು ಹೇಳುವುದು ಇದನ್ನೇ.

ಹೀಗೆ ಕೂತ ಗಾಡಿ ಬ್ಲೇಡ್ ಅಂಗಡಿಗೆ, ಅಂದರೆ ಸ್ಪ್ರಿಂಗ್ ಪ್ಲೇಟುಗಳ ದುರಸ್ತಿ ಅಂಗಡಿಗೆ ಬಂದರೆ ಸಾಮಾನ್ಯವಾಗಿ ಆಗುವುದೇನು? "ಅಣ್ಣಾ, ಎಡಗಡೆ ಒಂದು ಎಕ್ಸ್‌ಟ್ರಾ ಪ್ಲೇಟ್ ಹಾಕ್ಬಿಡಿ, ರಾತ್ರಿ ಲೋಡ್ ಇದೆ" ಎನ್ನುತ್ತಾರೆ ಡ್ರೈವರ್. ಮೇಸ್ತ್ರಿ ಜ್ಯಾಕ್ ಕೊಟ್ಟು, ಯು ಬೋಲ್ಟ್ ಬಿಚ್ಚಿ, ಮೂಲೆಯಲ್ಲಿ ಗುಡ್ಡೆ ಬಿದ್ದ ಹಳೇ ಪ್ಲೇಟುಗಳಲ್ಲಿ ಉದ್ದ ಹೊಂದುವ ಒಂದನ್ನು ಆರಿಸಿ ಸೇರಿಸಿ ಬಿಗಿಯುತ್ತಾರೆ. ಗಾಡಿ ನೆಟ್ಟಗೆ ನಿಲ್ಲುತ್ತದೆ. ಸಂಜೆಯೊಳಗೆ ಕೆಲಸ ಮುಗಿದು ಎಲ್ಲರಿಗೂ ಸಮಾಧಾನವಾಗುತ್ತದೆ. ಆ ಸಮಾಧಾನ ಎಷ್ಟು ಅಪಾಯಕಾರಿ ಎಂದು ಹೇಳುವುದಕ್ಕೇ ಈ ವಾರದ ಅಂಕಣ. ಒಂದು ಬದಿಗೆ ಮಾತ್ರ ಪ್ಲೇಟ್ ಸೇರಿಸುವುದು ದುರಸ್ತಿಯಲ್ಲ. ವಾಲಿಕೆ ಎಲ್ಲಿ ಹುಟ್ಟಿತು ಎಂದು ಅಳೆದು ನೋಡದೆ ಸ್ಪ್ಯಾನರ್ ಹಿಡಿಯಲೇಬಾರದು.

ಲಾರಿಯ ಹಿಂಭಾಗದ ಭಾರ ನೆಲಕ್ಕೆ ಇಳಿಯುವ ದಾರಿಯನ್ನು ಮೊದಲು ನೋಡೋಣ. ಲೋಡು ಮತ್ತು ಬಾಡಿ ಚಾಸಿಯ ಎರಡು ಉದ್ದ ತೊಲೆಗಳ ಮೇಲೆ ಕೂತಿರುತ್ತವೆ. ಒಂದೊಂದು ತೊಲೆಯ ಕೆಳಗೂ ಒಂದೊಂದು ಪ್ಲೇಟ್ ಸೆಟ್. ಅದರಲ್ಲಿ ಎಲ್ಲಕ್ಕಿಂತ ಉದ್ದದ್ದು ಮೈನ್ ಪ್ಲೇಟ್. ಅದರ ತುದಿಗಳನ್ನು ಸುರುಳಿ ಸುತ್ತಿ ಕಣ್ಣು ಮಾಡಿರುತ್ತಾರೆ. ಮುಂದಿನ ಕಣ್ಣು ಪಿನ್ನು, ಬುಷ್ಷಿನ ಮೂಲಕ ಚಾಸಿಯ ಬ್ರಾಕೆಟ್ಟಿಗೆ ನೇರ ಸೇರುತ್ತದೆ. ಹಿಂದಿನ ಕಣ್ಣು ಶ್ಯಾಕಲ್ಲಿಗೆ ಸೇರುತ್ತದೆ. ಬಾಗಿದ ಪ್ಲೇಟ್ ಭಾರ ಬಿದ್ದು ಚಪ್ಪಟೆಯಾದಾಗ ಎರಡು ತುದಿಗಳ ನಡುವಿನ ದೂರ ಹೆಚ್ಚುತ್ತದಲ್ಲ, ಆ ಹೆಚ್ಚಳಕ್ಕೆ ಜಾಗ ಕೊಡಲು ಶ್ಯಾಕಲ್ ಹಿಂದೆ ಮುಂದೆ ಆಡುತ್ತದೆ. ಕೆಲವು ಗಾಡಿಗಳಲ್ಲಿ ಶ್ಯಾಕಲ್ ಇರುವುದಿಲ್ಲ, ಪ್ಲೇಟಿನ ತುದಿ ಬ್ರಾಕೆಟ್ಟಿನೊಳಗೇ ಜಾರುತ್ತದೆ. ಮೈನ್ ಪ್ಲೇಟಿನ ಕೆಳಗೆ ಒಂದಕ್ಕಿಂತ ಒಂದು ಗಿಡ್ಡ ಪ್ಲೇಟುಗಳು. ಎಲ್ಲದರ ನಡುಮಧ್ಯೆ ತೂರಿ ಬರುವ ಸೆಂಟರ್ ಬೋಲ್ಟಿನ ತಲೆ ಹೌಸಿಂಗಿನ, ಅಂದರೆ ಹಿಂದಿನ ಆ್ಯಕ್ಸಲಿನ ಕವಚದ ಮೇಲಿರುವ ಗುಳಿಯಲ್ಲಿ ಕೂರುತ್ತದೆ. ಎರಡು ಯು ಬೋಲ್ಟುಗಳು ಇಡೀ ಸೆಟ್ಟನ್ನು ಹೌಸಿಂಗಿಗೆ ಬಿಗಿದಿರುತ್ತವೆ. ಇದರ ಮೇಲೆ ಹೆಲ್ಪರ್ ಸೆಟ್. ಖಾಲಿ ಗಾಡಿಯಲ್ಲಿ ಹೆಲ್ಪರ್ ಏನನ್ನೂ ಹೊರುವುದಿಲ್ಲ. ಲೋಡ್ ಬಿದ್ದು ಚಾಸಿ ಇಳಿದಾಗ ಮಾತ್ರ ಅದರ ತುದಿಗಳು ಚಾಸಿಯ ಪ್ಯಾಡುಗಳಿಗೆ ತಾಗಿ ಭಾರ ಹಂಚಿಕೊಳ್ಳುತ್ತವೆ. ಖಾಲಿಯಿದ್ದಾಗ ಸಮವಾಗಿದ್ದು ಲೋಡಾದಾಗ ಮಾತ್ರ ವಾಲುವ ಗಾಡಿ ಬಂದರೆ ಮೊದಲು ಈ ಪ್ಯಾಡುಗಳ ಹತ್ತಿರ ಟಾರ್ಚ್ ಹಾಕಿ ನೋಡಬೇಕು.

ಈ ಏರ್ಪಾಡು ಲಾರಿಗಿಂತ ಹಳೆಯದು. ಇಂಗ್ಲೆಂಡಿನಲ್ಲಿ ಕುದುರೆಗಾಡಿ ಕಟ್ಟುತ್ತಿದ್ದ ಒಬಾಡಯಾ ಎಲಿಯಟ್ ಎಂಬಾತ ಪ್ಲೇಟುಗಳನ್ನು ಜೋಡಿಸಿದ ಎಲಿಪ್ಟಿಕ್ ಸ್ಪ್ರಿಂಗಿಗೆ 1804ರಲ್ಲಿ ಪೇಟೆಂಟ್ ಪಡೆದಿದ್ದ. ಅದು ಪಾಲಿಸುವ ನಿಯಮ ಇನ್ನೂ ಹಿಂದಿನದು. ಸ್ಪ್ರಿಂಗು ಎಷ್ಟು ಕುಗ್ಗುತ್ತದೆ ಎಂಬುದು ಬಿದ್ದ ಭಾರಕ್ಕೆ ಸರಿಯಾದ ಅನುಪಾತದಲ್ಲಿರುತ್ತದೆ ಎಂದು ರಾಬರ್ಟ್ ಹುಕ್ 1678ರಲ್ಲೇ ಪ್ರಕಟಿಸಿದ್ದರು. ಒಂದು ಟನ್ನಿಗೆ 25 ಮಿಲಿಮೀಟರ್ ಇಳಿದರೆ ನಾಲ್ಕು ಟನ್ನಿಗೆ 100 ಮಿಲಿಮೀಟರ್. ವಾಲಿಕೆಯ ಲೆಕ್ಕವೆಲ್ಲ ಈ ಒಂದು ನಿಯಮದಿಂದಲೇ ಬರುತ್ತದೆ.

ಗ್ಯಾರೇಜುಗಳಲ್ಲಿ ಬಹಳ ಜನ ತಪ್ಪು ತಿಳಿದಿರುವ ಸಂಗತಿಯೊಂದು ಇಲ್ಲಿದೆ. 'ಎಡಗಡೆ ಸ್ಪ್ರಿಂಗ್ ಮೆತ್ತಗಾಗಿದೆ' ಎನ್ನುತ್ತಾರೆ. ಉಕ್ಕು ಹಾಗೆ ಮೆತ್ತಗಾಗುವುದಿಲ್ಲ. ವರ್ಷಗಟ್ಟಲೆ ಭಾರ ಹೊತ್ತ ಪ್ಲೇಟ್ ಕಳೆದುಕೊಳ್ಳುವುದು ತನ್ನ ಬೆಂಡನ್ನು, ಅಂದರೆ ಭಾರವಿಲ್ಲದಾಗ ಇರಬೇಕಾದ ಬಾಗನ್ನು. ಟನ್ನಿಗೆ ಇಷ್ಟು ಮಿಲಿಮೀಟರ್ ಎಂಬ ಅದರ ಬಿಗಿತ ಹೊಸದರಲ್ಲಿ ಎಷ್ಟಿತ್ತೋ ಹೆಚ್ಚುಕಡಿಮೆ ಈಗಲೂ ಅಷ್ಟೇ ಇರುತ್ತದೆ, ಯಾವ ಪ್ಲೇಟೂ ಕಟ್ ಆಗಿರದಿದ್ದರೆ. ಹಾಗಾಗಿ ಬೆಂಡ್ ಹೋಗಿ 15 ಮಿಲಿಮೀಟರ್ ಇಳಿದ ಸೆಟ್ಟು ಖಾಲಿಯಿದ್ದಾಗಲೂ 15 ಮಿಲಿಮೀಟರ್ ಕೆಳಗಿರುತ್ತದೆ, ಲೋಡಾದಾಗಲೂ ಅಷ್ಟೇ ಕೆಳಗಿರುತ್ತದೆ. ಕಳೆದುಹೋದದ್ದು ಎತ್ತರ. ಪ್ಲೇಟ್ ಸೇರಿಸಿದಾಗ ಎತ್ತರದ ಜತೆಗೆ ಬಿಗಿತವೂ ಏರುತ್ತದೆ. ಕೇಳದೆ ಬಂದ ಈ ಬಿಗಿತದಿಂದಲೇ ಮುಂದಿನ ತೊಂದರೆಯೆಲ್ಲ.

ಲೆಕ್ಕ ಮಾಡಿ ನೋಡೋಣ. ಹಿಂದಿನ ಒಂದೊಂದು ಸೆಟ್ಟೂ ಒಂದು ಮಿಲಿಮೀಟರ್ ಇಳಿಯಲು 40 ಕಿಲೋ ಭಾರ ಬೇಕು ಎಂದಿಟ್ಟುಕೊಳ್ಳಿ. ಖಾಲಿ ಗಾಡಿಯಲ್ಲಿ ಒಂದು ಬದಿಗೆ 1,000 ಕಿಲೋ, ಲೋಡಾದಾಗ 4,000 ಕಿಲೋ. ಎಡಗಡೆ ಒಂದು ಪ್ಲೇಟ್ ಸೇರಿ ಅಲ್ಲಿನ ಬಿಗಿತ 44 ಕಿಲೋ ಆಯಿತು, ಖಾಲಿ ಗಾಡಿ ಸರಿಯಾಗಿ ಸಮಕ್ಕೆ ನಿಂತಿತು. ಈಗ 3,000 ಕಿಲೋ ಹೊಸ ಭಾರ ಎರಡೂ ಕಡೆ ಬಿತ್ತು. ಬಲಗಡೆ 75 ಮಿಲಿಮೀಟರ್ ಇಳಿಯಿತು, ಎಡಗಡೆ 68. ಸ್ಪ್ರಿಂಗುಗಳ ನಡುವೆ ಸುಮಾರು ಒಂದು ಮೀಟರ್ ಅಂತರವಿದ್ದು ಬಾಡಿಯ ಅಗಲ 2.4 ಮೀಟರ್ ಇದ್ದರೆ, ಆ 7 ಮಿಲಿಮೀಟರ್ ವ್ಯತ್ಯಾಸ ಬಾಡಿಯ ಅಂಚಿನಲ್ಲಿ ಸುಮಾರು 17 ಮಿಲಿಮೀಟರ್ ಆಗುತ್ತದೆ. ಎಡಕ್ಕೆ ವಾಲುತ್ತಿದ್ದ ಲಾರಿ ಈಗ ಲೋಡಿನಲ್ಲಿ ಬಲಕ್ಕೆ ವಾಲುತ್ತದೆ. ಅದನ್ನು ಕಂಡ ಮಾಲೀಕರು ಬಲಗಡೆಗೂ ಒಂದು ಪ್ಲೇಟ್ ಹಾಕಿಸುತ್ತಾರೆ. ಅಲ್ಲಿಗೆ ಗಾಡಿ ಕಟ್ಟಿಗೆಯಂತೆ ಬಿಗಿಯಾಗಿ, ಒಂದೊಂದು ಗುಂಡಿಯ ಏಟೂ ನೇರ ಚಾಸಿಯ ರಿವೆಟ್ಟುಗಳಿಗೆ ತಲುಪಲು ಶುರುವಾಗುತ್ತದೆ.

ಗುಡ್ಡೆಯಿಂದ ಆರಿಸಿದ ಹಳೇ ಪ್ಲೇಟಿನ ದಪ್ಪವನ್ನು ಯಾರೂ ಅಳೆಯುವುದಿಲ್ಲ ಎಂಬುದು ಇನ್ನೊಂದು ಚಿಂತೆ. ಪ್ಲೇಟಿನ ಬಿಗಿತ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. 10 ಮಿಲಿಮೀಟರ್ ದಪ್ಪದ ಪ್ಲೇಟುಗಳ ನಡುವೆ ಒಂದು 12 ಮಿಲಿಮೀಟರಿನದು ಸೇರಿದರೆ, ಅದೊಂದೇ ಪಕ್ಕದ ಪ್ಲೇಟಿಗಿಂತ ಶೇಕಡ 70ಕ್ಕೂ ಹೆಚ್ಚು ಬಿಗಿ. ಎಲ್ಲ ಪ್ಲೇಟುಗಳೂ ಒಟ್ಟಿಗೇ ಬಾಗಬೇಕಾದ್ದರಿಂದ ದಪ್ಪನೆಯದರ ಮೇಲೆ ಎಳೆತ ಹೆಚ್ಚು. ಅದು ಉಳಿದವುಗಳಿಗಿಂತ ಮೊದಲೇ ಕಟ್ ಆಗುತ್ತದೆ. ಕಟ್ ಆದ ದಿನ ಗಾಡಿ ಹಿಂದಿಗಿಂತ ಹೆಚ್ಚು ಕೂರುತ್ತದೆ.

ನಮ್ಮ ಲಾರಿಗಳು ಬಹುಪಾಲು ಎಡಕ್ಕೇ ಏಕೆ ಕೂರುತ್ತವೆ? ಉತ್ತರ ರಸ್ತೆಯಲ್ಲಿದೆ. ಮಳೆನೀರು ಹರಿದುಹೋಗಲೆಂದು ರಸ್ತೆಯ ಮೇಲ್ಮೈಗೆ ಅಡ್ಡ ಇಳಿಜಾರು ಕೊಟ್ಟಿರುತ್ತಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಲ್ಲಿ ಹೆಚ್ಚು ಮಳೆ ಬೀಳುವ ಕಡೆ ಟಾರು ರಸ್ತೆಗೆ ಇದು ಶೇಕಡ 2.5ರವರೆಗೆ ಇರುತ್ತದೆ. ಎಡ ಮತ್ತು ಬಲ ಚಕ್ರಗಳ ನಡುವೆ 1.8 ಮೀಟರ್ ಇದ್ದರೆ ಎಡಚಕ್ರ 4.5 ಸೆಂಟಿಮೀಟರ್ ಕೆಳಗಿರುತ್ತದೆ. ನಾವು ಎಡಬದಿಯಲ್ಲಿ ಓಡುವವರು. ಲಾರಿಯ ಜೀವಮಾನವೆಲ್ಲ ಅದರ ಭಾರದ ಕೇಂದ್ರ ಎಡಕ್ಕೆ ಸ್ವಲ್ಪ ಜರುಗಿಯೇ ಇರುತ್ತದೆ. ಅದಲ್ಲದೆ ಟಾರಿನ ಅಂಚು ಕಿತ್ತು ಮಣ್ಣಿಗಿಳಿಯುವುದು, ಎದುರು ಬಸ್ಸಿಗೆ ದಾರಿ ಬಿಡಲು ಅಂಚಿನಿಂದ ಕೆಳಗೆ ಹಾರುವುದು, ನಿಲ್ಲಿಸುವಾಗ ಇಳಿಜಾರಿನ ಬದಿಗೆ ನಿಲ್ಲುವುದು, ಎಲ್ಲ ಏಟೂ ಎಡಗಡೆಯ ಸೆಟ್ಟಿಗೇ. ಹಾಗಾಗಿ ಹಳೇ ಲಾರಿಯ ಎಡ ಸೆಟ್ಟಿನ ಬೆಂಡ್ ಬಲಕ್ಕಿಂತ ಮೊದಲು ಇಳಿಯುವುದು ಸಹಜ.

ಇದರಿಂದಲೇ ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ರಸ್ತೆಬದಿಯಲ್ಲಿ ನಿಂತ ಲಾರಿಯನ್ನು ಹಿಂದಿನಿಂದ ನೋಡಿ 'ಎಡಕ್ಕೆ ಕೂತಿದೆ' ಎಂದು ತೀರ್ಮಾನಿಸಬಾರದು. ಶೇಕಡ 2.5ರ ಇಳಿಜಾರಿನಲ್ಲಿ ಹೊಸ ಲಾರಿಯೂ ಕೂತಂತೆಯೇ ಕಾಣುತ್ತದೆ. ಪೆಟ್ರೋಲ್ ಬಂಕಿನ ಕಾಂಕ್ರೀಟ್ ಅಂಗಳಕ್ಕೂ ನೀರು ಹರಿಯಲು ಇಳಿಜಾರಿರುತ್ತದೆ. ಸಮನೆಲ ಬೇಕು, ಅದು ಸಮವೇ ಎಂದು ನೀರುಮಟ್ಟದ ಪೈಪಿನಿಂದ ನೋಡಿಕೊಳ್ಳಬೇಕು. ಗಾರೆ ಕೆಲಸದವರ ಪಾರದರ್ಶಕ ಪೈಪೇ ಸಾಕು.

ಅಳತೆಗೆ ಗಾಡಿ ಖಾಲಿಯಿರಬೇಕು. ಡೀಸೆಲ್ ಎಷ್ಟಿದೆ ಎಂದೂ ಗಮನಿಸಬೇಕು. ಚಾಸಿಯ ಪಕ್ಕಕ್ಕೆ ನೇತುಹಾಕಿದ 300 ಲೀಟರ್ ಟ್ಯಾಂಕು ತುಂಬಿದ್ದರೆ ಆ ಬದಿಗೆ ಸುಮಾರು 250 ಕಿಲೋ ಹೆಚ್ಚುವರಿ ಭಾರ. ಆಮೇಲೆ ಟಯರು. ಹಿಂದೆ ಒಂದೊಂದು ಬದಿಗೆ ಜೋಡಿ ಚಕ್ರಗಳಿರುವುದರಿಂದ ಒಳಗಿನ ಟಯರಿನ ಗಾಳಿ ಇಳಿದಿದ್ದರೂ ಹೊರಗಿನಿಂದ ತಿಳಿಯುವುದಿಲ್ಲ. ಕ್ಲೀನರ್ ಹುಡುಗರು ಕಬ್ಬಿಣದ ರಾಡಿನಿಂದ ಬಡಿದು ಸದ್ದು ಕೇಳುತ್ತಾರೆ. ಪೂರ್ತಿ ಇಳಿದ ಟಯರನ್ನು ಆ ಕಿವಿ ಸರಿಯಾಗಿ ಹಿಡಿಯುತ್ತದೆ, ಅರ್ಧ ಇಳಿದದ್ದಕ್ಕೆ ಗೇಜೇ ಬೇಕು. ಒಂದು ಬದಿಗೆ ಹೊಸ ಟಯರ್, ಇನ್ನೊಂದು ಬದಿಗೆ ರೀಸೋಲ್ ಮಾಡಿಸಿ ಸವೆದದ್ದು ಇದ್ದರೂ ಎತ್ತರ ಬೇರೆಯಾಗುತ್ತದೆ. ಎಷ್ಟೋ ಸಲ ವಾಲಿಕೆಯ ಕಥೆ ಇಲ್ಲಿಗೇ ಮುಗಿದುಹೋಗುತ್ತದೆ, ಸ್ಪ್ರಿಂಗ್ ಮುಟ್ಟುವ ಪ್ರಮೇಯವೇ ಬರುವುದಿಲ್ಲ.

ನಂತರ ಗಾಡಿಯನ್ನು ಹತ್ತು ಹದಿನೈದು ಅಡಿ ಹಿಂದೆ ಮುಂದೆ ಓಡಿಸಿ, ಬ್ರೇಕ್ ಒತ್ತದೆ ತಾನಾಗಿ ನಿಲ್ಲಲು ಬಿಟ್ಟು, ಚಕ್ರಕ್ಕೆ ಅಡ್ಡಗಟ್ಟೆ ಇಡಬೇಕು. ಪ್ಲೇಟುಗಳು ಒಂದಕ್ಕೊಂದು ಉಜ್ಜುತ್ತಾ ಜಾರುವುದರಿಂದ, ಜ್ಯಾಕ್ ಇಳಿಸಿದ ಕೂಡಲೇ ಅಳೆದರೆ ಅವು ನಿಜವಾದ ಜಾಗಕ್ಕೆ ಬಂದಿರುವುದಿಲ್ಲ. ಆಮೇಲೆ ಪ್ರತಿ ಬದಿಗೂ ಎರಡು ಅಳತೆ: ನೆಲದಿಂದ ಚಾಸಿಯ ಕೆಳ ಅಂಚಿಗೆ ಒಂದು, ಹೌಸಿಂಗಿನ ಮೇಲಿಂದ ಚಾಸಿಯ ಕೆಳ ಅಂಚಿಗೆ ಇನ್ನೊಂದು. ನೆಲದಿಂದ ಅಳೆದದ್ದು ಬೇರೆ ಬೇರೆಯಾಗಿ, ಹೌಸಿಂಗಿನಿಂದ ಅಳೆದದ್ದು ಎರಡೂ ಕಡೆ ಒಂದೇ ಇದ್ದರೆ ತೊಂದರೆ ಟಯರಿನಲ್ಲಿದೆ, ಇಲ್ಲವೆ ನೆಲದಲ್ಲಿದೆ. ಹೌಸಿಂಗಿನಿಂದ ಅಳೆದದ್ದೂ ಬೇರೆಯಾದರೆ ಆಗ ಮುಂದಿನ ಹುಡುಕಾಟ. ಬಾಡಿಯ ಅಂಚನ್ನು ಹಿಡಿದು ಅಳೆಯುವ ರೂಢಿ ಬಿಡಬೇಕು. ಮರದ ಬಾಡಿಯೇ ಓರೆಯಾಗಿ ಕೂತಿರಬಹುದು, ಚಾಸಿಗೂ ಬಾಡಿಗೂ ನಡುವಿನ ಮರದ ಪಟ್ಟಿ ಒಂದು ಬದಿಗೆ ಕೊಳೆತು ಕುಸಿದಿರಬಹುದು.

ಹಿಂದೆ ಕಾಣುವ ವಾಲಿಕೆ ಹಿಂದೆಯೇ ಹುಟ್ಟಿರಬೇಕೆಂದೂ ಇಲ್ಲ. ಮುಂದಿನ ಒಂದು ಸ್ಪ್ರಿಂಗು ಇಳಿದಿದ್ದರೆ ಚಾಸಿ ಮುಂದಿನಿಂದ ತಿರುಚಿಕೊಂಡು ಹಿಂಭಾಗವನ್ನೂ ಓರೆ ಮಾಡುತ್ತದೆ. ಇದನ್ನು ಬೇರ್ಪಡಿಸಲು ಹಳೆಯ, ನಂಬಬಹುದಾದ ಉಪಾಯವಿದೆ. ಹಿಂಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ ಕೊಟ್ಟು, ಮುಂದಿನ ಆ್ಯಕ್ಸಲಿನ ನಡುಮಧ್ಯಕ್ಕೆ ಒಂದೇ ಜ್ಯಾಕ್ ಇಟ್ಟು, ಮುಂಚಕ್ರಗಳು ನೆಲ ಬಿಡುವಷ್ಟೇ ಎತ್ತಬೇಕು. ಈಗ ಮುಂಭಾಗ ಒಂದೇ ಬಿಂದುವಿನ ಮೇಲಿದೆ, ಎಡಬಲಕ್ಕೆ ಅದರ ಹಿಡಿತವಿಲ್ಲ. ಹಿಂದಿನ ವಾಲಿಕೆ ಮಾಯವಾದರೆ ತಪ್ಪು ಮುಂದಿನದು, ಹಾಗೇ ಉಳಿದರೆ ಹಿಂದಿನದು. ಅಳತೆ ಮುಗಿಯುವವರೆಗೆ ಯಾರೂ ಗಾಡಿಯ ಕೆಳಗೆ ತೂರಬಾರದು. ಒಂಟಿ ಜ್ಯಾಕನ್ನು ನಂಬಿ ಕೆಳಗೆ ಮಲಗಿದವರ ಮನೆಗಳಲ್ಲಿ ಉಳಿದ ನೋವು ಈ ಕಸುಬಿನವರಿಗೆಲ್ಲ ಗೊತ್ತು.

ಹಿಂದಿನದೇ ಎಂದು ಖಚಿತವಾದರೆ ಸೆಟ್ಟುಗಳನ್ನು ಕಣ್ಣಿನಿಂದ ಓದಬೇಕು. ಕಟ್ ಆದ ಪ್ಲೇಟು ಸಾಮಾನ್ಯವಾಗಿ ಗುರುತು ಬಿಡುತ್ತದೆ. ಅಂಚಿನಲ್ಲಿ ತುಕ್ಕಿನ ಸಣ್ಣ ಗೆರೆ, ಇಲ್ಲವೆ ಉಜ್ಜಿ ಹೊಳೆಯುವ ಹೊಸ ಲೋಹ, ಒಂದು ತುಂಡು ಪಕ್ಕಕ್ಕೆ ಸರಿದಿರುವುದು. ಯು ಬೋಲ್ಟುಗಳ ನಡುವೆ, ಸೆಂಟರ್ ಬೋಲ್ಟಿನ ತೂತಿನಲ್ಲಿ ಕಟ್ ಆಗಿದ್ದರೆ ಹೊರಗಿನಿಂದ ಕಾಣುವುದಿಲ್ಲ. ಅಲ್ಲಿ ಕಟ್ ಆಗಿದ್ದಕ್ಕೆ ಕಾರಣ ಬಹುತೇಕ ಒಂದೇ: ಯು ಬೋಲ್ಟ್ ಸಡಿಲವಾಗಿತ್ತು. ಬಿಗಿಯಾದ ಯು ಬೋಲ್ಟುಗಳು ನಡುಭಾಗವನ್ನು ಬಾಗದಂತೆ ಹಿಡಿದಿರುತ್ತವೆ. ಹಿಡಿತ ತಪ್ಪಿದರೆ ತೂತು ಕೊರೆದು ಮೊದಲೇ ದುರ್ಬಲವಾದ ಜಾಗವೂ ಬಾಗಲು ಶುರುವಾಗಿ ಬಿರುಕು ಹುಟ್ಟುತ್ತದೆ. ಸೆಂಟರ್ ಬೋಲ್ಟೇ ಮುರಿದರೆ ಹೌಸಿಂಗ್ ಹಿಂದಕ್ಕೋ ಮುಂದಕ್ಕೋ ಜರುಗಿ, ಹಿಂಚಕ್ರಗಳು ಮುಂಚಕ್ರಗಳ ಜಾಡು ಬಿಟ್ಟು ಗಾಡಿ ಅಡ್ಡಡ್ಡ ಓಡುತ್ತದೆ. ಮುಂದಿನ ಹಬ್ಬಿನಿಂದ ಹಿಂದಿನ ಹಬ್ಬಿಗೆ ಎರಡೂ ಬದಿ ಟೇಪ್ ಹಿಡಿದರೆ ಇದು ಗೊತ್ತಾಗುತ್ತದೆ.

ಪ್ಲೇಟುಗಳೆಲ್ಲ ಸರಿಯಿದ್ದೂ ಗಾಡಿ ಕೂತಿದ್ದರೆ ಶ್ಯಾಕಲ್ ನೋಡಿ. ಗ್ರೀಸ್ ಕಾಣದೆ ಪಿನ್ ಹಿಡಿದುಕೊಂಡರೆ ಶ್ಯಾಕಲ್ ಆಡುವುದಿಲ್ಲ, ಆ ಬದಿ ಭಾರಕ್ಕೆ ಸರಿಯಾಗಿ ಇಳಿಯುವುದೂ ಇಲ್ಲ, ಏರುವುದೂ ಇಲ್ಲ. ಬುಷ್ ತಿಂದುಹೋಗಿದ್ದರೆ ಕೆಲವು ಮಿಲಿಮೀಟರ್ ಅಲ್ಲೇ ಕಳೆದಿರುತ್ತದೆ. ಬ್ರಾಕೆಟ್ಟಿನಲ್ಲಿ ಬಿರುಕು, ಅದರ ರಿವೆಟ್ಟಿನ ಸುತ್ತ ಕೆಂಪು ಪುಡಿ ಕಂಡರೆ ಅದನ್ನು ಬಿಟ್ಟು ಮುಂದೆ ಹೋಗಬಾರದು. ಇಷ್ಟೆಲ್ಲ ನೋಡಿಯೂ ಸಂಶಯ ಉಳಿದರೆ ಎಡ ಸೆಟ್ಟನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿ ಅಳೆಯುವುದೇ ಕೊನೆಯ ತೀರ್ಪು. ವಾಲಿಕೆ ಸೆಟ್ಟಿನ ಜತೆ ಬದಿ ಬದಲಿಸಿದರೆ ಸ್ಪ್ರಿಂಗಿನ ತಪ್ಪು. ಅಲ್ಲೇ ಉಳಿದರೆ ಚಾಸಿಯದು, ಬ್ರಾಕೆಟ್ಟಿನದು, ಇಲ್ಲವೆ ಬಾಡಿಯದು. ಕೂಲಿ ಹೆಚ್ಚು ನಿಜ. ಆದರೆ ತಪ್ಪು ಜಾಗಕ್ಕೆ ಹೊಸ ಸೆಟ್ ಹಾಕಿಸಿದ ಮೇಲೂ ಗಾಡಿ ವಾಲಿಯೇ ನಿಂತರೆ ಆಗುವ ನಷ್ಟ ಅದಕ್ಕಿಂತ ಬಹಳ ದೊಡ್ಡದು.

ಸರಿ, ಎಡ ಸೆಟ್ಟಿನ ಬೆಂಡ್ ಹೋಗಿದೆ ಎಂದು ತಿಳಿಯಿತು. ದಾರಿಯೇನು? ನನ್ನ ಅಭಿಪ್ರಾಯದಲ್ಲಿ ಮೊದಲ ಆಯ್ಕೆ ಎರಡೂ ಬದಿಗೆ ಕಂಪನಿ ಅಳತೆಯ ಹೊಸ ಸೆಟ್ಟು. ಒಂದು ಬದಿಗೆ ಮಾತ್ರ ಹೊಸದು ಹಾಕಿದರೆ ಹಳೆಯದು ಈಗಾಗಲೇ ಸ್ವಲ್ಪ ಇಳಿದಿರುವುದರಿಂದ ವಾಲಿಕೆ ಆ ಕಡೆಗೆ ತಿರುಗುತ್ತದೆ. ಅಷ್ಟು ಹಣವಿಲ್ಲದವರಿಗೆ ಎರಡನೆಯ ದಾರಿ ಬೆಂಡ್ ಏರಿಸುವುದು. ಇದರಲ್ಲಿ ಎರಡು ಬಗೆಯಿದೆ, ಎರಡಕ್ಕೂ ಅಜಗಜಾಂತರ. ತಣ್ಣಗಿರುವ ಪ್ಲೇಟನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದು ಬಾಗಿಸುವುದು ಒಂದು. ಕೆಲವು ಲೋಡಿಗೆ ಆ ಬೆಂಡ್ ಮತ್ತೆ ಇಳಿಯುತ್ತದೆ, ಏಟಿನ ಗುಳಿಗಳಲ್ಲಿ ಬಿರುಕು ಹುಟ್ಟುವ ಸಾಧ್ಯತೆಯೂ ಇದೆ. ಇನ್ನೊಂದು, ಪ್ಲೇಟನ್ನು ಕುಲುಮೆಯಲ್ಲಿ ಸಮವಾಗಿ ಕಾಯಿಸಿ ಅಚ್ಚಿಗೆ ತಕ್ಕಂತೆ ಬಾಗಿಸಿ, ಎಣ್ಣೆಯಲ್ಲಿ ಅದ್ದಿ ಗಟ್ಟಿಮಾಡಿ, ಮತ್ತೆ ಕಡಿಮೆ ಶಾಖದಲ್ಲಿ ಟೆಂಪರ್ ಮಾಡುವುದು. ಸಿಲಿಕಾನ್, ಮ್ಯಾಂಗನೀಸ್ ಬೆರೆತ ಈ ಉಕ್ಕಿಗೆ ಸ್ಪ್ರಿಂಗಿನ ಗುಣ ಬರುವುದು ಆ ಎರಡು ಹಂತದಿಂದಲೇ. ಎಣ್ಣೆಗೆ ಅದ್ದಿ ಟೆಂಪರ್ ಬಿಟ್ಟರೆ ಪ್ಲೇಟ್ ಗಾಜಿನ ಹಾಗೆ ಪೆಡಸು. ಕಾಯಿಸಿ ಸುಮ್ಮನೆ ಆರಲು ಬಿಟ್ಟರೆ ಮೊದಲ ಲೋಡಿಗೇ ಬಾಗಿ ನಿಲ್ಲುತ್ತದೆ. ಕಾರ್ಖಾನೆಯಲ್ಲಿ ಇದರ ಮೇಲೆ ಇನ್ನೊಂದು ಕೆಲಸ ಮಾಡುತ್ತಾರೆ. ಭಾರ ಬಿದ್ದಾಗ ಎಳೆತಕ್ಕೆ ಸಿಗುವ ಮೈಗೆ ಉಕ್ಕಿನ ಸಣ್ಣ ಗುಂಡುಗಳನ್ನು ರಭಸದಿಂದ ಎರಚುತ್ತಾರೆ. ಆ ಮೈ ಒತ್ತಿಕೊಂಡು ಬಿಗಿಯಾಗಿ ಬಿರುಕು ಬೇಗ ಬಾಯ್ದೆರೆಯುವುದಿಲ್ಲ. ಊರಿನ ಕುಲುಮೆಯಲ್ಲಿ ಈ ಸೌಲಭ್ಯ ಅಪರೂಪ. ಆದ್ದರಿಂದ ಬೆಂಡ್ ಏರಿಸಿದ ಸೆಟ್ಟು ಹೊಸದರಷ್ಟು ಬಾಳುತ್ತದೆ ಎಂದು ನಿರೀಕ್ಷಿಸಬಾರದು. ಏರಿಸುವುದಾದರೆ ಎರಡೂ ಸೆಟ್ಟನ್ನು ಒಂದೇ ಅಚ್ಚಿಗೆ ಹೊಂದಿಸಿ ಏರಿಸಬೇಕು.

ಸ್ಪ್ರಿಂಗಿನ ಮೇಲೆ ವೆಲ್ಡಿಂಗ್ ಮಾತ್ರ ಖಂಡಿತ ಕೂಡದು. ಕಟ್ ಆದ ಪ್ಲೇಟನ್ನು ಬೆಸೆಯುವುದಂತೂ ಇಲ್ಲವೇ ಇಲ್ಲ. ಪಕ್ಕದ ಬಾಡಿಗೆ ವೆಲ್ಡಿಂಗ್ ಮಾಡುವಾಗ ಅರ್ಥ್ ಕ್ಲ್ಯಾಂಪನ್ನು ಪ್ಲೇಟಿಗೆ ಕಚ್ಚಿಸುವುದೂ ತಪ್ಪು. ಒಂದು ಕಿಡಿ ತಾಗಿದ ಜಾಗದಲ್ಲೂ ಉಕ್ಕಿನ ಗುಣ ಕೆಟ್ಟು ಅಲ್ಲಿಂದಲೇ ಬಿರುಕು ಹೊರಡುತ್ತದೆ.

ಪ್ಯಾಕಿಂಗ್ ಕೊಡುವುದನ್ನು ಕೆಲವರು ಕಳ್ಳದಾರಿ ಎಂದುಕೊಂಡಿದ್ದಾರೆ. ಹಾಗೇನೂ ಇಲ್ಲ. ಎರಡೂ ಸೆಟ್ಟು ಆರೋಗ್ಯವಾಗಿದ್ದು, ಎಲ್ಲ ನೋಡಿದ ಮೇಲೂ ಆರೆಂಟು ಮಿಲಿಮೀಟರ್ ವ್ಯತ್ಯಾಸ ಉಳಿದಿದ್ದರೆ, ಇಳಿದ ಬದಿಯ ಹೌಸಿಂಗಿಗೂ ಸೆಟ್ಟಿಗೂ ನಡುವೆ ಆ ದಪ್ಪದ ಉಕ್ಕಿನ ಒಂದೇ ಪ್ಯಾಕಿಂಗ್ ಇಡುವುದು ಸರಿಯಾದ ವಿಧಾನವೇ. ಪ್ಯಾಕಿಂಗಿನಿಂದ ಎತ್ತರ ಏರುತ್ತದೆ, ಬಿಗಿತ ಬದಲಾಗುವುದಿಲ್ಲ. ಹಾಗಾಗಿ ಖಾಲಿಯಲ್ಲೂ ಲೋಡಿನಲ್ಲೂ ಅದರ ಗುಣ ಒಂದೇ. ಸೆಂಟರ್ ಬೋಲ್ಟಿನ ತಲೆ ಕೂರಲು ಅದರಲ್ಲಿ ಗುಳಿಯಿರಬೇಕು, ಅದರ ಕೆಳಗೆ ಹೌಸಿಂಗಿನ ಗುಳಿಗೆ ಹೊಂದುವ ಗೂಟವಿರಬೇಕು, ಯು ಬೋಲ್ಟ್ ಅಷ್ಟು ಉದ್ದವಿರಬೇಕು. ಮರದ ತುಂಡು, ಒಂದರ ಮೇಲೊಂದು ಪೇರಿಸಿದ ತಗಡು, ಇವು ಕುಸಿದು ಯು ಬೋಲ್ಟನ್ನು ಸಡಿಲ ಮಾಡುತ್ತವೆ. ಮುಂದಿನ ಆ್ಯಕ್ಸಲಿಗೆ ಇಂಥ ಪ್ರಯೋಗ ಬೇಡವೇ ಬೇಡ, ಅಲ್ಲಿ ಸ್ಟಿಯರಿಂಗಿನ ಪ್ರಶ್ನೆಯಿದೆ.

ಹೊಸ ಗಾಡಿಗಳಲ್ಲಿ ಬರುವ ಪ್ಯಾರಾಬೋಲಿಕ್ ಸ್ಪ್ರಿಂಗಿನಲ್ಲಿ ಎರಡೋ ಮೂರೋ ಪ್ಲೇಟು ಮಾತ್ರ. ನಡುವೆ ದಪ್ಪ, ತುದಿಗೆ ತೆಳು, ಒಂದಕ್ಕೊಂದು ಉದ್ದಕ್ಕೂ ತಾಗುವುದಿಲ್ಲ. ಅದಕ್ಕೆ ಹಳೇ ಪ್ಲೇಟ್ ಸೇರಿಸುವ ಆಲೋಚನೆಯನ್ನೇ ಬಿಡಬೇಕು. ಗಾಳಿ ಸಸ್ಪೆನ್ಷನ್ನಿನ ಬಸ್ಸುಗಳು ವಾಲಿದರೆ ಮೊದಲು ನೋಡಬೇಕಾದ್ದು ಎತ್ತರ ಕಾಯುವ ವಾಲ್ವಿನ ಪುಟ್ಟ ರಾಡು ಬಾಗಿದೆಯೇ, ಗಾಳಿ ಸೋರುತ್ತಿದೆಯೇ ಎಂಬುದನ್ನು.

ತಪ್ಪು ಗಾಡಿಯಲ್ಲಿಲ್ಲದೆ ಲೋಡಿನಲ್ಲಿರುವುದೂ ಉಂಟು. ಎಪಿಎಂಸಿ ಅಂಗಳದಲ್ಲಿ ಹಮಾಲರು ಒಂದೇ ಬದಿಯಿಂದ ಮೇಲೇರಿ ಮೂಟೆ ಪೇರಿಸುವಾಗ ಒಟ್ಟು ಭಾರದ ಕೇಂದ್ರ ಐದು ಸೆಂಟಿಮೀಟರ್ ಎಡಕ್ಕೆ ಜರುಗಿತು ಎಂದಿಟ್ಟುಕೊಳ್ಳಿ. ಹಿಂದಿನ ಸ್ಪ್ರಿಂಗುಗಳ ಮೇಲಿನ ಭಾರ 6,000 ಕಿಲೋ ಇದ್ದರೆ ಎಡಕ್ಕೆ 300 ಕಿಲೋ ಏರಿ ಬಲಕ್ಕೆ 300 ಕಿಲೋ ಇಳಿಯುತ್ತದೆ. ಮೊದಲು ಹೇಳಿದ ಬಿಗಿತದಲ್ಲಿ ಇದು ಎರಡು ಸ್ಪ್ರಿಂಗುಗಳ ನಡುವೆ 15 ಮಿಲಿಮೀಟರ್ ವ್ಯತ್ಯಾಸ, ಬಾಡಿಯ ಅಂಚಿನಲ್ಲಿ 36. ಅಲ್ಲಿಗೇ ನಿಲ್ಲುವುದಿಲ್ಲ. ಗಾಡಿ ಎಡಕ್ಕೆ ಬಾಗಿದ ಕೂಡಲೇ ಸ್ಪ್ರಿಂಗಿನಿಂದ ಒಂದು ಮೀಟರ್ ಮೇಲಿರುವ ಭಾರದ ಕೇಂದ್ರ ಇನ್ನೂ 15 ಮಿಲಿಮೀಟರ್ ಎಡಕ್ಕೆ ಜರುಗುತ್ತದೆ. ಅದರಿಂದ ಇನ್ನಷ್ಟು ವಾಲಿಕೆ, ಅದರಿಂದ ಮತ್ತಷ್ಟು ಜರುಗು. ಈ ಲೆಕ್ಕದಲ್ಲಿ ಐದು ಸೆಂಟಿಮೀಟರ್ ಕೊನೆಗೆ ಏಳಕ್ಕೆ ಬಂದು ನಿಲ್ಲುತ್ತದೆ. ಲೋಡು ಎತ್ತರವಾದಷ್ಟೂ ಈ ಬೆಳವಣಿಗೆ ಹೆಚ್ಚು. ಹತ್ತಿ, ಹುಲ್ಲು, ಕಬ್ಬು ಹೇರಿದ ಗಾಡಿಗಳು ಮೂಟೆ ಹೇರಿದವಕ್ಕಿಂತ ಬೇಗ ಮಗುಚುವುದು ಇದರಿಂದ. ಶಿರಾಡಿ ಘಾಟಿಯಲ್ಲೋ ಅರಬೈಲ್ ಘಾಟಿಯಲ್ಲೋ ಬಲತಿರುವು ಬಂದಾಗ ಗಾಡಿ ಹೊರಗೆ, ಅಂದರೆ ಎಡಕ್ಕೆ ತಳ್ಳಲ್ಪಡುತ್ತದೆ. ಮೊದಲೇ ಎಡಕ್ಕೆ ಕೂತ ಲಾರಿಗೆ ಅಲ್ಲಿ ಉಳಿದಿರುವ ಅವಕಾಶ ಬಹಳ ಕಡಿಮೆ. ಎಷ್ಟು ಕಡಿಮೆ ಎಂಬುದು ಸ್ಟಿಯರಿಂಗ್ ಹಿಡಿದವರಿಗೆ ಮುಂಚಿತವಾಗಿ ತಿಳಿಯುವುದೂ ಇಲ್ಲ.

ಈ ಮಾತು ಓವರ್‌ಲೋಡಿನ ಪ್ರಶ್ನೆಗೆ ಬಂದು ಮುಟ್ಟಲೇಬೇಕು. ಕೇಂದ್ರ ಸರ್ಕಾರ 2018ರ ಜುಲೈನಲ್ಲಿ ಆ್ಯಕ್ಸಲ್ ಭಾರದ ಮಿತಿ ಏರಿಸಿತು. ನಾಲ್ಕು ಟಯರಿನ ಒಂಟಿ ಆ್ಯಕ್ಸಲಿಗೆ 10.2 ಟನ್ ಇದ್ದದ್ದು 11.5 ಆಯಿತು, ಎರಡು ಆ್ಯಕ್ಸಲಿನ ಲಾರಿಯ ಒಟ್ಟು ತೂಕ 16.2ರಿಂದ 18.5 ಟನ್ನಿಗೆ ಏರಿತು. ಕಾನೂನಿನ ಮಿತಿ ಏರಿತು ಎಂದ ಮಾತ್ರಕ್ಕೆ ಹಳೆಯ ಲಾರಿಯ ಸ್ಪ್ರಿಂಗು, ಬ್ರೇಕು, ಬೇರಿಂಗು ಅದೇ ದಿನ ಬಲವಾಗಲಿಲ್ಲ. ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ 20,000 ರೂಪಾಯಿ ದಂಡ, ಹೆಚ್ಚುವರಿ ಒಂದೊಂದು ಟನ್ನಿಗೂ 2,000 ರೂಪಾಯಿ. ಇಷ್ಟಿದ್ದರೂ 'ಎರಡೂ ಕಡೆ ಎರಡೆರಡು ಪ್ಲೇಟ್ ಜಾಸ್ತಿ ಹಾಕಿಸಿದ್ದೀನಿ, ತಡೆಯುತ್ತೆ' ಎಂಬ ಧೈರ್ಯದ ಮಾತು ಕೇಳಿಬರುತ್ತಲೇ ಇದೆ. ಪ್ಲೇಟು ತಡೆದೀತು. ಹೌಸಿಂಗು, ಹಬ್ಬು, ಬ್ರೇಕ್ ಡ್ರಮ್ಮು ತಡೆಯುತ್ತವೆ ಎಂದು ಹೇಳಿದವರು ಯಾರು? ಹೆಚ್ಚುವರಿ ಪ್ಲೇಟಿನಿಂದ ಗಾಡಿ ಕೂರುವುದು ನಿಲ್ಲುತ್ತದೆ, ಅಷ್ಟೇ. ಅಪಾಯ ಕಣ್ಣಿಗೆ ಕಾಣುವ ಗುರುತೂ ಅದರೊಂದಿಗೆ ಮರೆಯಾಗುತ್ತದೆ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತರುವ ಸಂಗತಿ.

ಬ್ಲೇಡ್ ಮೇಸ್ತ್ರಿಗಳನ್ನು ದೂರುವುದು ಇಲ್ಲಿನ ಉದ್ದೇಶವಲ್ಲ. ಮಳೆಯಲ್ಲಿ, ರಸ್ತೆಬದಿಯ ಕೆಸರಿನಲ್ಲಿ, ಭಾರೀ ತೂಕದ ಸೆಟ್ಟನ್ನು ಬಿಚ್ಚಿ ಕಟ್ಟುವ ಅವರ ಕೆಲಸದ ಮೇಲೆ ಈ ರಾಜ್ಯದ ಸರಕು ಸಾಗಣೆ ನಿಂತಿದೆ. ಒಳ್ಳೆಯ ಮೇಸ್ತ್ರಿಗೆ ಮೇಲೆ ಹೇಳಿದ್ದೆಲ್ಲ ಗೊತ್ತೇ ಇರುತ್ತದೆ. ಅಳೆಯಲು ಸಮಯವನ್ನೂ ಅಳತೆಗೆ ಕೂಲಿಯನ್ನೂ ಯಾರೂ ಕೊಡುವುದಿಲ್ಲ. ಪ್ಲೇಟ್ ಹಾಕಿದ್ದಕ್ಕೆ ದುಡ್ಡು, ನೋಡಿ 'ಪ್ಲೇಟ್ ಬೇಡ, ಬುಷ್ ಸಾಕು' ಎಂದಿದ್ದಕ್ಕೆ ಬರೀ ಥ್ಯಾಂಕ್ಸ್ ಎಂದಾದರೆ ಯಾರು ತಾನೇ ಎಷ್ಟು ದಿನ ನೋಡಿಯಾರು?

ಹಾಗಾಗಿ ಲಾರಿ ಮಾಲೀಕರಲ್ಲಿ ನನ್ನ ಕೋರಿಕೆಯಿದು. ಗಾಡಿ ಕೂತಿದೆ ಎಂದು ಅಂಗಡಿಗೆ ಕಳಿಸುವಾಗ ಡ್ರೈವರ್ ಕೈಯಲ್ಲಿ ಒಂದು ದಿನದ ಬಿಡುವನ್ನೂ ಅಳತೆಯ ಕೂಲಿಯನ್ನೂ ಕೊಟ್ಟು ಕಳಿಸಿ. ಎಡ, ಬಲ ಎರಡೂ ಕಡೆಯ ಅಳತೆಯನ್ನು ಕೆಲಸಕ್ಕೆ ಮೊದಲು, ಕೆಲಸದ ನಂತರ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಸೆಟ್ ಬಿಚ್ಚಿದಾಗಲೆಲ್ಲ ಯು ಬೋಲ್ಟ್ ಹೊಸದೇ ಹಾಕಿಸಿ, ಒಮ್ಮೆ ಎಳೆದ ಬೋಲ್ಟು ಎರಡನೇ ಸಲ ಅದೇ ಹಿಡಿತ ಕೊಡುವುದಿಲ್ಲ. ಲೋಡಿನಲ್ಲಿ ಸುಮಾರು 1,000 ಕಿಲೋಮೀಟರ್ ಓಡಿದ ಮೇಲೆ ಗಾಡಿಯನ್ನು ಅದೇ ಅಂಗಡಿಗೆ ತಂದು ಆ ಯು ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಬಿಗಿಸಿ.